ಶೋಗೆ ಮೊದಲೇ ಸಿಗಿ: ಮೆಚ್ಚಿನ ಗಾಯಕರ ಕಾನ್ಸರ್ಟ್, ಫೋನಿನ ಗೆಳೆಯರ ಮೊದಲ ಭೇಟಿ

ಎರಡು ವರ್ಷ ದಿನಾ ಮೆಸೇಜಿನಲ್ಲಿ ಮಾತಾಡಿದ ಗೆಳತಿ ಅವತ್ತು ನನ್ನಿಂದ ಇನ್ನೂರು ಮೀಟರ್ ದೂರದಲ್ಲಿದ್ದಳು. ಇಬ್ಬರೂ ಒಂದೇ ಹಾಡಿಗೆ ಕುಣಿದಿದ್ದೆವು, ಒಂದೇ ಹಾಡಿಗೆ ಅತ್ತಿದ್ದೆವು. "ಶೋ ಮುಗಿದ ಮೇಲೆ ಗೇಟ್ ಹತ್ತಿರ ಸಿಗೋಣ" ಅಂತ ಮಾತಾಗಿತ್ತು. ಶೋ ಮುಗಿಯಿತು. ಸಾವಿರಾರು ಜನ ಒಟ್ಟಿಗೇ ಹೊರಬಿದ್ದರು. ಗೇಟ್ ಒಂದಲ್ಲ, ಆರಿದ್ದವು. ಫೋನಿನಲ್ಲಿ ನೆಟ್‌ವರ್ಕ್ ಕಡ್ಡಿ ಎಲ್ಲಾ ಇದ್ದರೂ ಒಂದು ಮೆಸೇಜೂ ಹೋಗಲಿಲ್ಲ. ಅವಳ ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ನನ್ನದಕ್ಕೂ. ಮುಖ ನೋಡದೆಯೇ ಇಬ್ಬರೂ ಮನೆಗೆ ಹೋದೆವು. ರಾತ್ರಿ ಒಂದೂವರೆಗೆ ಅವಳ ಏಳು ಮೆಸೇಜ್ ಒಟ್ಟಿಗೆ ಬಂದವು. ಮೊದಲನೆಯದು "ಬಂದೆ, ಎಲ್ಲಿದೀಯಾ?" ಕೊನೆಯದು "ಹೊರಟೆ ಕಣೇ".

ಆಮೇಲೆ ಹೋದ ಪ್ರತಿ ಕಾನ್ಸರ್ಟಿಗೂ ನನ್ನದು ಒಂದೇ ನಿಯಮ. ಜನರನ್ನು ಭೇಟಿಯಾಗುವುದು ಶೋಗೆ ಮೊದಲು, ಬೆಳಕಿರುವಾಗ. ಹಾಡು ಕೇಳುವುದು ಆಮೇಲೆ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ಟಿಕೆಟ್ ತೆಗೆಯುವಾಗ

ನಿಮ್ಮ ಅಭಿಮಾನಿಗಳ ಫೋನ್ ಗ್ರೂಪಿನಲ್ಲಿ ಮೊದಲು ಕೇಳಿ: ಯಾರ್ಯಾರು ಬರುತ್ತಿದ್ದೀರಿ? ಕೂತು ನೋಡುತ್ತೀರಾ, ನಿಂತುಕೊಂಡಾ? ಎಲ್ಲರೂ ಒಂದೇ ಸಾಲಿನಲ್ಲಿ ಇರಲೇಬೇಕು ಅಂತ ಹಟ ಹಿಡಿಯಬೇಡಿ. ಒಬ್ಬರ ಜೇಬಿಗೆ ಮುಂದಿನ ಸಾಲು ಹೊಂದುತ್ತದೆ, ಇನ್ನೊಬ್ಬರಿಗೆ ಗ್ಯಾಲರಿಯೇ ಜಾಸ್ತಿ. ಭೇಟಿ ಹೇಗೂ ಹೊರಗೇ ಆಗುತ್ತದೆ, ಸೀಟು ಎಲ್ಲಿದ್ದರೇನು?

ಒಬ್ಬರೇ ಎಲ್ಲರ ಟಿಕೆಟ್ ತೆಗೆಯುವುದಾದರೆ ದುಡ್ಡನ್ನು ಅವರ ಕೈಗೆ ಮೊದಲೇ ಕೊಟ್ಟುಬಿಡಿ. ಒಬ್ಬರಿಗೆ ಎಷ್ಟು ಟಿಕೆಟ್ ಸಿಗುತ್ತದೆ, ಟಿಕೆಟಿನ ಮೇಲೆ ಹೆಸರು ಇರುತ್ತದಾ, ಬೇರೆಯವರ ಫೋನಿಗೆ ಕಳಿಸಬಹುದಾ ಅಂತ ಬುಕಿಂಗ್ ಶುರುವಾಗುವ ಮೊದಲೇ ಓದಿಕೊಳ್ಳಿ. ಬುಕಿಂಗ್ ಕ್ಯೂನಲ್ಲಿ ಕೂತಾಗ ಓದಲು ಪುರುಸೊತ್ತು ಇರುವುದಿಲ್ಲ. ಕೆಲವು ಮೊಬೈಲ್ ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಿರುತ್ತದೆ. ಅಂಥದಕ್ಕೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಮನೆಯಲ್ಲಿ ಇಂಟರ್‌ನೆಟ್ ಚೆನ್ನಾಗಿರುವಾಗಲೇ ಟಿಕೆಟನ್ನು ಫೋನಿನ ವಾಲೆಟ್‌ಗೆ ಹಾಕಿಡಿ.

ಟಿಕೆಟ್ ಸಿಕ್ಕ ಖುಷಿಯಲ್ಲಿ ಅದರ ಫೋಟೋ ಎಲ್ಲರಿಗೂ ಕಾಣುವಂತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬಾರ್‌ಕೋಡ್ ಕಂಡರೆ ಬೇರೆ ಯಾರೋ ಅದನ್ನು ತೋರಿಸಿ ನಿಮಗಿಂತ ಮೊದಲು ಒಳಗೆ ಹೋಗಬಹುದು. ಟಿಕೆಟ್ ಸಿಗದಿದ್ದರೆ ಕಾರ್ಯಕ್ರಮದವರೇ ನಡೆಸುವ ಮರುಮಾರಾಟದಲ್ಲಿ ಹುಡುಕಿ. "ನನ್ನ ಹತ್ತಿರ ಒಂದು ಜಾಸ್ತಿ ಇದೆ, ಈಗಲೇ ದುಡ್ಡು ಹಾಕಿ" ಎನ್ನುವ ಅಪರಿಚಿತರನ್ನು ನಂಬಬೇಡಿ. ಅವರ ಪ್ರೊಫೈಲಿನಲ್ಲಿ ನಿಮ್ಮ ಗಾಯಕರ ಫೋಟೋ ಇದ್ದರೂ ಸರಿ.

ಎಲ್ಲಿ ಕೂತರೆ ಚೆಂದ? ಮುಖ ನೋಡಬೇಕು ಅಂದರೆ ಮುಂದೆ. ಹಾಡು ಕೇಳಬೇಕು ಅಂದರೆ ಸೌಂಡ್ ಎಂಜಿನಿಯರ್ ಕೂರುವ ಕಟ್ಟೆಯ ಆಸುಪಾಸು. ಸ್ಟೇಜಿನ ಎದುರಿಗೆ, ಜನರ ನಡುವೆ ಅವರದೊಂದು ಜಾಗ ಇರುತ್ತದೆ. ಅವರು ಅಲ್ಲಿ ಕೂತು ಕಿವಿಗೊಟ್ಟು ಹೊಂದಿಸಿದ ಸೌಂಡೇ ನಿಮಗೂ ಕೇಳುತ್ತದೆ. ತೀರಾ ಹಿಂದೆ ಕೂತರೆ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಟೇಜಿನಿಂದ 100 ಮೀಟರ್ ದೂರಕ್ಕೆ ಬರಲು ಹತ್ತಿರ ಹತ್ತಿರ 0.3 ಸೆಕೆಂಡ್ ಬೇಕು. ಬೆಳಕಿಗೆ ಆ ತಡ ಇಲ್ಲ. ಅದಕ್ಕೇ ದೂರದಿಂದ ನೋಡಿದಾಗ ಡ್ರಮ್ ಮೇಲೆ ಕೋಲು ಬಿದ್ದ ಮೇಲೆ ಏಟು ಕೇಳುವುದು. ಸೌಂಡ್ ಕೆಟ್ಟಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ಹಾಡಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಅಭಿಮಾನಿಗಳ ಕಿರುಚಾಟಕ್ಕೆ ಹಾಡುವವರಿಗೇ ತಮ್ಮ ಹಾಡು ಸರಿಯಾಗಿ ಕೇಳಿಸಲಿಲ್ಲ! ಅದಕ್ಕೆ ಹೋಲಿಸಿದರೆ ಇವತ್ತಿನ ಕೊನೆಯ ಸಾಲೂ ಒಳ್ಳೆಯ ಜಾಗವೇ.

ಯಾರನ್ನು, ಎಲ್ಲಿ, ಎಷ್ಟು ಹೊತ್ತಿಗೆ

ಗ್ರೂಪಿನಲ್ಲಿ ಮುನ್ನೂರು ಜನ ಇರಬಹುದು. ಮುನ್ನೂರು ಜನರನ್ನೂ ಒಂದೇ ಸಂಜೆ ಭೇಟಿಯಾಗಲು ಹೋದರೆ ಯಾರ ಜೊತೆಗೂ ಎರಡು ಮಾತಾಡಲು ಆಗುವುದಿಲ್ಲ. ಐದಾರು ಜನ ಸಾಕು. ಅವರ ಜೊತೆ ಕಾನ್ಸರ್ಟಿಗೆ ಒಂದು ವಾರ ಮುಂಚೆ ಸುಮ್ನೆ ಒಂದು ವಿಡಿಯೋ ಕಾಲ್ ಮಾಡಿ. ಹತ್ತು ನಿಮಿಷ ಸಾಕು. ಆ ಕಡೆ ಇರುವವರು ನಿಜಕ್ಕೂ ತಾವು ಹೇಳಿಕೊಂಡವರೇ ಎಂಬುದು ಗೊತ್ತಾಗುತ್ತದೆ. ನಾಚಿಕೆಯೂ ಅರ್ಧ ಅಲ್ಲೇ ಕರಗುತ್ತದೆ. ಎಷ್ಟು ಕೇಳಿದರೂ ಮುಖ ತೋರಿಸಲು ಒಪ್ಪದೆ, "ನೀನೊಬ್ಬಳೇ ಬಾ" ಎಂದು ಒತ್ತಾಯ ಮಾಡುವವರನ್ನು ಭೇಟಿಯಾಗಬೇಡಿ. ಅದಕ್ಕೆ ಕಾರಣ ಕೊಡಬೇಕಾದ ಅಗತ್ಯವೂ ಇಲ್ಲ.

ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲೇ ಇರಲಿ. ಎಲ್ಲಿ, ಯಾರ ಜೊತೆ, ವಾಪಸ್ ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ಹೋಗುವ, ಬರುವ ವ್ಯವಸ್ಥೆ ನಿಮ್ಮದೇ ಇರಲಿ. ಮೊದಲ ಸಲ ನೋಡುತ್ತಿರುವವರ ಗಾಡಿಯಲ್ಲಿ ಹೋಗುವುದು, ಅವರ ಜೊತೆ ರೂಮ್ ಹಂಚಿಕೊಳ್ಳುವುದು ಬೇಡ. ಹದಿನೆಂಟು ತುಂಬದವರು ದೊಡ್ಡವರೊಬ್ಬರನ್ನು ಕರೆದುಕೊಂಡೇ ಹೋಗಿ. ನಮ್ಮ ಗ್ರೂಪಿನ ಒಬ್ಬ ಹುಡುಗಿ ಅಮ್ಮನನ್ನು ಕರೆದುಕೊಂಡು ಬಂದಿದ್ದಳು, ಪಾಪ ಸಂಕೋಚದಲ್ಲೇ. ಸಂಜೆ ಹೊತ್ತಿಗೆ ಆ ಅಮ್ಮ ನಮ್ಮೆಲ್ಲರ ಬ್ಯಾಗ್ ಕಾಯುತ್ತಾ, ನಮಗಿಂತ ಜೋರಾಗಿ ಕೋರಸ್ ಹಾಡುತ್ತಿದ್ದರು.

ಈಗ ಜಾಗದ ಮಾತು. "ಗೇಟ್ ಹತ್ತಿರ" ಎಂದರೆ ಅದು ಜಾಗವೇ ಅಲ್ಲ. ನಾನು ಪೆಟ್ಟು ತಿಂದದ್ದು ಅಲ್ಲೇ. ಅಲ್ಲಾಡದ, ದೂರದಿಂದ ಕಾಣುವ, ಒಂದೇ ಒಂದು ಇರುವ ವಸ್ತು ಬೇಕು. "ಮೂರನೇ ಗೇಟಿಗೆ ಮುಖ ಮಾಡಿ ನಿಂತರೆ ಎಡಗಡೆಯ ಗಡಿಯಾರದ ಕಂಬ, ಅದರ ಬುಡ" ಎಂದರೆ ಜಾಗ. ಮೊದಲು ತಲುಪಿದವರು ಆ ಕಂಬದ ಫೋಟೋ ಗ್ರೂಪಿಗೆ ಹಾಕಲಿ. ನಡುವೆ ನೆಟ್‌ವರ್ಕ್ ಹೋದರೂ ಎಲ್ಲರ ಫೋನಿನಲ್ಲಿ ಫೋಟೋ ಉಳಿದಿರುತ್ತದೆ.

ಟಿಕೆಟಿನ ಮೇಲೆ ಎರಡು ಸಮಯ ಇರಬಹುದು, ಬಾಗಿಲು ತೆರೆಯುವುದು ಮತ್ತು ಶೋ ಶುರುವಾಗುವುದು. ನೀವು ಲೆಕ್ಕ ಹಾಕಬೇಕಾದ್ದು ಬಾಗಿಲು ತೆರೆಯುವ ಸಮಯದಿಂದ. ಅದಕ್ಕೆ ಎರಡು ಗಂಟೆ ಮುಂಚೆ ಸೇರಿ. ನಿಂತು ನೋಡುವ ಟಿಕೆಟ್‌ನವರು ಕ್ಯೂಗೆ ಬೇಗ ಹೋಗಬೇಕಾಗುತ್ತದೆ, ಅವರಿಗಾಗಿ ಇನ್ನೂ ಸ್ವಲ್ಪ ಬೇಗ. ಜೊತೆಗೆ "ಮೂರಕ್ಕೆ ತಪ್ಪಿದರೆ ನಾಲ್ಕಕ್ಕೆ ಅದೇ ಕಂಬದ ಹತ್ತಿರ" ಎಂದು ಎರಡನೇ ಹೊತ್ತನ್ನೂ ಮೊದಲೇ ಗೊತ್ತು ಮಾಡಿಡಿ. ಬಸ್ಸು ತಡವಾದವರು ಗಾಬರಿ ಬೀಳುವುದಿಲ್ಲ.

ಮೊದಲ ಐದು ನಿಮಿಷ

ಇದೇ ಕಷ್ಟದ್ದು. ಫೋನಿನಲ್ಲಿ ರಾತ್ರಿಯಿಡೀ ಹರಟಿದವರ ಎದುರು ನಿಂತಾಗ ನಾಲಿಗೆ ಅಂಟಿಕೊಳ್ಳುತ್ತದೆ. ಹೆಸರು ಹೇಳಿದರೆ ಗುರುತು ಸಿಗುವುದಿಲ್ಲ, ಗ್ರೂಪಿನಲ್ಲಿ ಇಟ್ಟುಕೊಂಡ ಅಡ್ಡಹೆಸರು ಹೇಳಬೇಕು. ಹೇಳುವಾಗ ಒಂಥರಾ ಆಗುತ್ತದೆ. ಪರವಾಗಿಲ್ಲ, ಎದುರಿನವರಿಗೂ ಹಾಗೇ ಆಗುತ್ತಿರುತ್ತದೆ.

ಕೈಯಲ್ಲಿ ಕೊಡಲು ಏನಾದರೂ ಇದ್ದರೆ ಈ ಐದು ನಿಮಿಷ ಸಲೀಸು. ಅಭಿಮಾನಿಗಳು ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳು ಕಾನ್ಸರ್ಟುಗಳನ್ನು ತಾವೇ ರೆಕಾರ್ಡ್ ಮಾಡಿ, ಕ್ಯಾಸೆಟ್ಟುಗಳನ್ನು ದುಡ್ಡಿಲ್ಲದೆ ಒಬ್ಬರಿಗೊಬ್ಬರು ಹಂಚುತ್ತಿದ್ದರು. 1984ರಲ್ಲಿ ಬ್ಯಾಂಡ್ ರೆಕಾರ್ಡ್ ಮಾಡುವವರಿಗೆಂದೇ ಬೇರೆ ಜಾಗವನ್ನೂ ಮಾಡಿಕೊಟ್ಟಿತು. 2023ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಕಾನ್ಸರ್ಟ್ ಪ್ರವಾಸ ಶುರುವಾದ ಮೇಲೆ ಮಣಿ ಪೋಣಿಸಿದ ಕೈಬಳೆಗಳನ್ನು ಗುರುತೇ ಇಲ್ಲದವರು ಬದಲಾಯಿಸಿಕೊಂಡರು. ಕೊರಿಯಾದ ಪಾಪ್ ಗುಂಪುಗಳ ಅಭಿಮಾನಿಗಳು ಫೋಟೋ ಕಾರ್ಡ್, ಸ್ಟಿಕ್ಕರ್ ಹಂಚುತ್ತಾರೆ. ವಸ್ತು ಏನೇ ಇರಲಿ, "ಇದು ನಿಮಗೆ" ಎನ್ನುವುದಕ್ಕೆ ಒಂದು ನೆಪ ಸಿಗುತ್ತದೆ.

ಮಣಿಬಳೆ ಮಾಡುವುದಾದರೆ ನಾನು ಮಾಡುವ ರೀತಿ ಹೇಳುತ್ತೇನೆ. ಹಿಗ್ಗುವ ಎಲಾಸ್ಟಿಕ್ ದಾರ ತೆಗೆದುಕೊಳ್ಳಿ. ಕೈಗೆ ಒಂದು ಸುತ್ತು ಸುತ್ತಿ ಅಳೆದು, ಎರಡೂ ಕಡೆ ಐದೈದು ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ. ಪೋಣಿಸುವ ಮೊದಲು ದಾರವನ್ನು ಎರಡು ಸಲ ಚೆನ್ನಾಗಿ ಎಳೆಯಿರಿ. ಇಲ್ಲದಿದ್ದರೆ ನಾಲ್ಕು ದಿನಕ್ಕೆ ಸಡಿಲವಾಗಿ ಮಣಿಗಳ ನಡುವೆ ದಾರ ಕಾಣುತ್ತದೆ. ಒಂದು ತುದಿಗೆ ಟೇಪ್ ಅಂಟಿಸಿದರೆ ಮಣಿ ಜಾರುವುದಿಲ್ಲ. ಅಕ್ಷರದ ಮಣಿಗಳನ್ನು ಮೊದಲು ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿ ನೋಡಿ, ಆಮೇಲೆ ಪೋಣಿಸಿ. ನಾನೊಮ್ಮೆ ಹಾಗೇ ಪೋಣಿಸಿ, ಹತ್ತು ಬಳೆಯಲ್ಲೂ ಹೆಸರು ತಿರುಗುಮುರುಗಾಗಿತ್ತು. ಗಂಟು ಹಾಕುವಾಗ ದಾರವನ್ನು ಒಂದರ ಬದಲು ಎರಡು ಸಲ ಸುತ್ತಿಸಿ ಎಳೆಯಿರಿ, ಗಂಟನ್ನು ದೊಡ್ಡ ತೂತಿನ ಮಣಿಯೊಳಗೆ ತಳ್ಳಿ. ಎಂಟು ಹತ್ತು ಮಾಡಿದರೆ ಸಾಕು. ಹಂಚಿ ಮುಗಿದ ಮೇಲೆ ಕೈಯಲ್ಲಿ ಬೇರೆಯವರು ಕೊಟ್ಟ ಎಂಟು ಇರುತ್ತವೆ.

ಅವತ್ತು ತಪ್ಪಿಹೋದ ಗೆಳತಿ ಮುಂದಿನ ವರ್ಷದ ಶೋನಲ್ಲಿ ಕಂಬದ ಹತ್ತಿರ ಸಿಕ್ಕಳು. ಏನೂ ಮಾತಾಡದೆ ನನ್ನ ಕೈಗೆ ಒಂದು ಬಳೆ ಹಾಕಿದಳು. ಅದರ ಮೇಲಿದ್ದದ್ದು ಹಿಂದಿನ ವರ್ಷದ ದಿನಾಂಕ. ಅವತ್ತೇ ಮಾಡಿ ತಂದಿದ್ದಳಂತೆ.

ಮಾತು ಶುರುವಾದ ಮೇಲೆ ಒಂದು ಎಚ್ಚರಿಕೆ. "ಯಾವಾಗಿನಿಂದ ಫ್ಯಾನ್? ಮೊದಲ ಆಲ್ಬಮ್ ಹೆಸರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ಹೋದ ತಿಂಗಳು ಒಂದೇ ಒಂದು ಹಾಡು ಕೇಳಿ ಬಂದವರಿಗೂ ಅವತ್ತಿನ ಸಂಜೆ ನಿಮ್ಮಷ್ಟೇ ಸೇರಿದ್ದು. "ಯಾವ ಹಾಡು ಬರಲಿ ಅಂತ ಕಾಯ್ತಿದೀರಾ?" ಎಂದು ಕೇಳಿ. ಮಾತು ತಾನಾಗಿ ಹರಿಯುತ್ತದೆ. ಹಾಗೇ, ಅವತ್ತು ಹಾಡಲಿರುವ ಹಾಡುಗಳ ಪಟ್ಟಿಯನ್ನು ಹಿಂದಿನ ಊರಿನ ಶೋ ನೋಡಿ ತಿಳಿದುಕೊಂಡಿದ್ದರೆ ಬಾಯಿ ಬಿಡಬೇಡಿ. ಗೊತ್ತಿಲ್ಲದೆ ಬರುವ ಸುಖ ಕೆಲವರಿಗೆ ಬೇಕು.

ಅಲ್ಲೇ ಪಕ್ಕದಲ್ಲಿ ಒಬ್ಬರೇ ಬಂದು ಫೋನ್ ನೋಡುತ್ತಾ ನಿಂತವರು ಯಾವಾಗಲೂ ಇರುತ್ತಾರೆ. ಟೀಶರ್ಟ್ ಮೇಲೆ ನಿಮ್ಮ ಗಾಯಕರೇ ಇದ್ದರೆ ಹೋಗಿ ಒಂದು ಬಳೆ ಕೊಡಿ. ಬೇಡ ಎಂದರೆ ನಕ್ಕು ಬನ್ನಿ. ಬರುತ್ತೇನೆ ಎಂದರೆ ಜಾಗ ಮಾಡಿಕೊಡಿ.

ಬ್ಯಾಗಿನಲ್ಲಿ ಏನು, ಕಿವಿಯಲ್ಲಿ ಏನು

ಎಂಥ ಬ್ಯಾಗ್ ಬಿಡುತ್ತಾರೆ ಎಂದು ಮೊದಲೇ ನೋಡಿ. ಅನೇಕ ಕಡೆ ಒಳಗಿರುವುದು ಕಾಣುವ ಪಾರದರ್ಶಕ ಬ್ಯಾಗನ್ನೇ ಬಿಡುವುದು. ಹಳೆಯ, ಕಾಲಿಗೆ ಹೊಂದಿಕೊಂಡ ಶೂ ಹಾಕಿ. ಪವರ್ ಬ್ಯಾಂಕ್, ಗುರುತಿನ ಚೀಟಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಸ್ವಲ್ಪ ನಗದು. ಲೈಟ್‌ಸ್ಟಿಕ್ (ಹಾಡಿಗೆ ತಕ್ಕಂತೆ ಬೀಸುವ ದೀಪದ ಕೋಲು) ಇದ್ದರೆ ಹೊಸ ಬ್ಯಾಟರಿ ಹಾಕಿ. ಸೀಟ್ ನಂಬರಿಗೆ ಜೋಡಿಸುವ ಮಾದರಿಯಾದರೆ ಅದರ ಆ್ಯಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಕಿವಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇಯರ್‌ಪ್ಲಗ್ ಹಾಕಿದರೆ ಹಾಡು ಕೇಳುವುದಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಹಾಕದಿದ್ದರೇ ಕಿವಿಗೆ ಪೆಟ್ಟು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಎಂಬುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿರುವ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಜೋರು ಕಾನ್ಸರ್ಟಿನಲ್ಲಿ 100 ಡೆಸಿಬೆಲ್ ಸಾಮಾನ್ಯ, ಶೋ ಮಾತ್ರ ಎರಡು ಗಂಟೆ. ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಗಾಯಕರ ಹಾಡನ್ನು ಅರವತ್ತು ವಯಸ್ಸಿನಲ್ಲೂ ಕೇಳಬೇಕು ಅಲ್ವಾ?

ಸಂಗೀತಕ್ಕೆಂದೇ ಮಾಡಿದ, ಫಿಲ್ಟರ್ ಇರುವ ಪ್ಲಗ್ ಸಿಕ್ಕರೆ ಒಳ್ಳೆಯದು. ಸ್ವರಗಳು ಮಂಕಾಗುವುದಿಲ್ಲ, ಒಟ್ಟಾರೆ ಶಬ್ದ ಮಾತ್ರ ಇಳಿಯುತ್ತದೆ. ಸ್ಪಂಜಿನದ್ದಾದರೆ ಹಾಕುವ ಕ್ರಮ ತಿಳಿದಿರಬೇಕು. ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ಸಪೂರ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ಹಾಕಿ, ಅದು ಉಬ್ಬುವವರೆಗೆ 30 ಸೆಕೆಂಡ್ ಬೆರಳಿನಿಂದ ಒತ್ತಿ ಹಿಡಿಯಿರಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಿವಿ ಮುಚ್ಚುವ ಇಯರ್‌ಮಫ್ ಹಾಕಿಸಿ.

ಒಳಗೆ ಹೋದ ಮೇಲೆ

ಮೊದಲು ಹೊರಹೋಗುವ ದಾರಿ ಎಲ್ಲಿದೆ ನೋಡಿಕೊಳ್ಳಿ. ಬಂದ ದಾರಿಯಲ್ಲದೆ ಇನ್ನೊಂದು. ನಿಂತು ನೋಡುವ ಜಾಗದಲ್ಲಿ ಮೊಣಕಾಲನ್ನು ಬಿಗಿಹಿಡಿದು ಗಂಟೆಗಟ್ಟಲೆ ನಿಂತರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ. ಮೊಣಕಾಲು ಸ್ವಲ್ಪ ಸಡಿಲ ಬಿಡಿ, ಕಾಲು ಅದಲುಬದಲು ಮಾಡಿ, ನೀರು ಕುಡಿಯಿರಿ. ಶೌಚಾಲಯಕ್ಕೆ ಹೋಗುವುದು ತಪ್ಪಲಿ ಎಂದು ನೀರು ಬಿಡುವವರು ಸ್ಟೇಜಿನ ಮುಂದೆ ಕುಸಿದು ಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಗಂಭೀರ ಮಾತು. ಒಂದು ಚದರ ಮೀಟರಿಗೆ ಐದು ಜನಕ್ಕಿಂತ ಜಾಸ್ತಿ ಸೇರಿದರೆ ಗುಂಪು ಅಪಾಯದ ಕಡೆ ಹೊರಳುತ್ತದೆ. ಎಲ್ಲಾ ಕಡೆಯಿಂದ ಮೈ ತಾಗಿ, ಕೈಯೆತ್ತಿ ನಿಮ್ಮ ಮುಖ ಮುಟ್ಟಿಕೊಳ್ಳಲು ಕಷ್ಟವಾಗುತ್ತಿದೆ ಎನ್ನಿಸಿದ ಕೂಡಲೇ ಬದಿಗೆ ಸರಿಯಿರಿ. 2010ರಲ್ಲಿ ಜರ್ಮನಿಯ ಲವ್ ಪರೇಡ್ ಸಂಗೀತ ಮೇಳದಲ್ಲಿ 21 ಜನ, 2021ರಲ್ಲಿ ಅಮೆರಿಕದ ಆ್ಯಸ್ಟ್ರೋವರ್ಲ್ಡ್ ಮೇಳದಲ್ಲಿ 10 ಜನ ನೂಕುನುಗ್ಗಲಿಗೆ ಸಿಕ್ಕಿ ತೀರಿಕೊಂಡರು. ಇಂಥ ಕಡೆ ಜೀವ ಹೋಗುವುದು ತುಳಿತದಿಂದ ಮಾತ್ರವಲ್ಲ. ಎದೆ ಒತ್ತಿಹೋಗಿ, ನಿಂತಲ್ಲೇ ಉಸಿರು ಕಟ್ಟುತ್ತದೆ. ಆದ್ದರಿಂದ ಕೈ ಎರಡನ್ನೂ ಎದೆಯ ಮುಂದೆ ಮಡಚಿ ಹಿಡಿದು ಉಸಿರಾಟಕ್ಕೆ ಜಾಗ ಕಾಪಾಡಿಕೊಳ್ಳಿ. ಜನರ ನೂಕಿನ ಅಲೆಗೆ ಎದುರಾಗಿ ತಳ್ಳಬೇಡಿ. ಅದು ಸ್ವಲ್ಪ ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಹೆಜ್ಜೆ ಹಾಕಿ. ಫೋನ್ ಬಿದ್ದರೆ ಬಿಟ್ಟುಬಿಡಿ, ಬಗ್ಗಬೇಡಿ. ಪಕ್ಕದವರು ಬಿದ್ದರೆ ಮಾತ್ರ ಕೂಡಲೇ ಎತ್ತಿ ನಿಲ್ಲಿಸಿ.

ಫೋನಿನ ವಿಷಯಕ್ಕೆ ನಮ್ಮ ಗುಂಪಿನಲ್ಲಿ ಒಂದು ಒಪ್ಪಂದ ಇದೆ, ನಿಮಗೂ ಹೇಳಿಬಿಡುತ್ತೇನೆ. ಮೊದಲೇ ಹಾಡು ಹಂಚಿಕೊಳ್ಳುತ್ತೇವೆ. ಒಬ್ಬರು ಶುರುವಿನ ಹಾಡು ರೆಕಾರ್ಡ್ ಮಾಡುತ್ತಾರೆ, ಒಬ್ಬರು ನಡುವಿನದು, ಒಬ್ಬರು ಕೊನೆಯದು. ಮಿಕ್ಕ ಹೊತ್ತು ಎಲ್ಲರ ಫೋನೂ ಜೇಬಿನಲ್ಲಿ. ಮರುದಿನ ಎಲ್ಲಾ ವಿಡಿಯೋ ಎಲ್ಲರಿಗೂ ಸಿಗುತ್ತದೆ. ನಾನು ಮೊದಲ ಕಾನ್ಸರ್ಟನ್ನು ಪೂರ್ತಿ ಆರಿಂಚಿನ ಪರದೆಯಲ್ಲೇ ನೋಡಿದ್ದೆ. ಆ ವಿಡಿಯೋಗಳನ್ನು ಆಮೇಲೆ ಎರಡು ಸಲವೂ ತೆರೆದಿಲ್ಲ.

ನಿಮಗೆ ಬೇಕಾದ ಹಾಡು ಬಂದಾಗ ಕಣ್ಣಲ್ಲಿ ನೀರು ಬಂದರೆ ಬರಲಿ. ಪಕ್ಕದ ಗೆಳತಿ ಅಳುತ್ತಿದ್ದರೆ ಏನಾಯಿತು ಎಂದು ಕೇಳಬೇಡಿ. ಹೆಗಲ ಮೇಲೆ ಕೈಯಿಟ್ಟು ಹಾಡು ಕೇಳಿ.

ಮುಗಿದ ಮೇಲೆ

ದೀಪ ಹತ್ತಿದ ಕೂಡಲೇ ಎದ್ದು ಓಡಬೇಡಿ. ಸೀಟಿದ್ದರೆ ಇಪ್ಪತ್ತು ನಿಮಿಷ ಕೂತೇ ಇರಿ, ಗುಂಪು ಕರಗಲಿ. ಮನೆಗೆ ಹೊರಟೆ ಎಂದು ಸಾದಾ ಎಸ್‌ಎಂಎಸ್ ಕಳಿಸಿ. ಡೇಟಾ ಕಟ್ಟಿಕೊಂಡಾಗಲೂ ಅದು ಹೋಗುವ ಸಾಧ್ಯತೆ ಜಾಸ್ತಿ.

ಗಾಯಕರು ಹೊರಬರುವ ಬಾಗಿಲ ಹತ್ತಿರ ಕಾಯಬೇಕಾ? ಸಿಬ್ಬಂದಿ ಬಿಟ್ಟರೆ ಕಾಯಿರಿ. ಬಂದು ಮಾತಾಡಿಸಿದರೆ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಆ ಕ್ಷಣಕ್ಕೆ ತಲೆ ಖಾಲಿಯಾಗುತ್ತದೆ. ಕೇಳದೆ ಮೈ ಮುಟ್ಟಬೇಡಿ. ಬರದಿದ್ದರೆ ಅವರೂ ಎರಡು ಗಂಟೆ ಹಾಡಿ ದಣಿದಿದ್ದಾರೆ ಎಂದುಕೊಂಡು ಮನೆಗೆ ಹೋಗಿ. ಅವರ ಗಾಡಿಯ ಹಿಂದೆ, ಹೋಟೆಲಿನವರೆಗೆ ಹೋಗುವುದು ಅಭಿಮಾನ ಅಲ್ಲ, ಕಾಟ.

ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಹೆಡ್‌ಫೋನ್ ಹಾಕದೆ ಕಿವಿಗೆ ವಿಶ್ರಾಂತಿ ಕೊಡಿ. ಮಾರನೆಯ ದಿನ ಕಳೆದರೂ ಹೋಗದಿದ್ದರೆ, ಕೇಳುವುದು ಕಮ್ಮಿ ಎನ್ನಿಸಿದರೆ ಕಿವಿ ಡಾಕ್ಟರಿಗೆ ತೋರಿಸಿ.

ಮರುದಿನ ಮನಸ್ಸು ಖಾಲಿ ಖಾಲಿ. ತಿಂಗಳುಗಟ್ಟಲೆ ಕಾದದ್ದು ಮುಗಿದುಹೋಗಿರುತ್ತದೆ. ಆವತ್ತೇ ಗ್ರೂಪ್ ತೆರೆದು ವಿಡಿಯೋ ಹಂಚಿಕೊಳ್ಳಿ, ಯಾರ ಟಿಕೆಟಿನ ದುಡ್ಡು ಬಾಕಿ ಇದ್ದರೂ ಚುಕ್ತಾ ಮಾಡಿ. ಬೇರೆಯವರ ಮುಖ ಇರುವ ಫೋಟೋವನ್ನು ಅವರನ್ನು ಕೇಳದೆ ಹೊರಗೆ ಹಾಕಬೇಡಿ. ಕಾನ್ಸರ್ಟಿಗೆ ಹೋದ ಸಂಗತಿ ಎಲ್ಲರ ಮನೆಯಲ್ಲೂ, ಆಫೀಸಿನಲ್ಲೂ ಗೊತ್ತಿರುವುದಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರೂ ಸೇರಿ ನಿಂತ ಫೋಟೋ ಒಂದೂ ಹೊರಗೆ ಹೋಗಿಲ್ಲ. ಹೊರಗೆ ಹಾಕಿದ್ದು ಬಳೆ ತೊಟ್ಟ ಆರು ಕೈಗಳು ಆ ಕಂಬವನ್ನು ಹಿಡಿದಿರುವ ಫೋಟೋ.